ಗೋವೆಯಲ್ಲಿ ನೆಲೆಸಬಯಸುವವರ ಕೆಲವು ಭ್ರಮೆಗಳು

ಡಿಸೆಂಬರಿನ ತಂಪಿನಲ್ಲಿ ನಾಲ್ಕು ದಿನ ಗೋವೆಯ ಕಡಲಂಚಿನಲ್ಲಿ ಕಳೆದು ಬಂದವರು, ಊರಿಗೆ ಮರಳಿ ತಮ್ಮ ಕಚೇರಿಯ ಮೇಜಿನ ಮುಂದೆ ಕುಳಿತೊಡನೆ, ಇದೆಲ್ಲವನ್ನೂ ಬಿಟ್ಟು ಅಲ್ಲಿಯೇ ಒಂದು ಹಳೆಯ ಹೆಂಚಿನ ಮನೆ ಹಿಡಿದು, ಅಲ್ಲಿಂದಲೇ ಉದ್ಯೋಗವನ್ನು ನಡೆಯಿಸುತ್ತ ಸುಖವಾಗಿರಬಾರದೇಕೆ ಎಂದು ಆಲೋಚಿಸುವುದು ಈಗ ಸಾಮಾನ್ಯವಾಗಿದೆ. ಈ ಬಯಕೆ ದೂಷ್ಯವಲ್ಲ. ಆ ಪುಟ್ಟ ರಾಜ್ಯದ ಬಾಳಿನಲ್ಲಿ ನಿಜವಾದ ಸೊಗಸೊಂದು ಉಂಟು. ಆದರೆ ಸೊಗಸು ಇರುವ ಎಡೆ ಒಂದು, ಜನ ಅದನ್ನು ಅರಸುವ ಎಡೆ ಮತ್ತೊಂದು.

ಗೋವೆಯೆಂದರೆ ಬರಿಯ ಮರಳದಂಡೆ ಎಂಬ ಭಾವನೆಯೇ ಮೊದಲನೆಯ ತಪ್ಪು. ವಿಸ್ತೀರ್ಣದಲ್ಲಿ ಭಾರತದ ರಾಜ್ಯಗಳಲ್ಲೆಲ್ಲ ಕಿರಿದಾದ ಈ ನಾಡು 3,702 ಚದರ ಕಿಲೋಮೀಟರುಗಳಷ್ಟಿದ್ದು, ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದರ ಅರ್ಧಕ್ಕೂ ಬಾರದು. ಆ ಅಲ್ಪ ಭೂಮಿಯಲ್ಲಿಯೂ ಕಡಲಿನಿಂದ ಪೂರ್ವಕ್ಕೆ ಸರಿದಂತೆಲ್ಲ ಗದ್ದೆ, ತೋಟ, ಅದಿರಿನ ಗಣಿಗಳು ಕಂಡು, ಕಡೆಗೆ ಸತ್ತರಿ, ಸಾಂಗೆಗಳ ದಟ್ಟವಾದ ಸಹ್ಯಾದ್ರಿಯ ಕಾಡು ಎದುರಾಗುತ್ತದೆ. ಹಾಗೆಂದು ಅದನ್ನು ಹಳ್ಳಿಗಾಡೆಂದೂ ಭಾವಿಸಲಾಗದು. 2011ರ ಜನಗಣತಿಯಂತೆ ಅಲ್ಲಿಯ ಹದಿನಾಲ್ಕೂವರೆ ಲಕ್ಷ ಜನರಲ್ಲಿ ನೂರಕ್ಕೆ 62 ಮಂದಿ ಪಟ್ಟಣವಾಸಿಗಳು. ಅಂದು ಮತ್ತಾವ ರಾಜ್ಯದಲ್ಲಿಯೂ ಈ ಪ್ರಮಾಣ ಇಷ್ಟಿರಲಿಲ್ಲ.

ಇಡೀ ನಾಡು ಪೋರ್ಚುಗೀಸರ ಅಚ್ಚಿನಲ್ಲಿ ಎರಕಗೊಂಡಿದೆ ಎಂಬುದೂ ಅರೆಸತ್ಯ. ಅಲ್ಬುಕರ್ಕನು 1510ರಲ್ಲಿ ಗೋವೆಯನ್ನು ಹಿಡಿದನೆಂಬುದು ದಿಟ. ಆದರೆ ಪೋಂಡಾ, ಕೇಪೆ, ಕಾಣಕೋಣ ಮುಂತಾದ ಪ್ರದೇಶಗಳು ಅವರ ವಶವಾದುದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ, ಹೈದರಾಲಿಯ ದಾಳಿಗೆ ಸಿಕ್ಕಿ ನೆಲೆ ತಪ್ಪಿದ ನಮ್ಮ ಸೋಂದೆಯ ಅರಸನು ಅವರ ಆಶ್ರಯವನ್ನು ಬೇಡಿದ ಬಳಿಕ. ಇಂದು ಅಲ್ಲಿಯ ಜನರಲ್ಲಿ ಮೂರರಲ್ಲಿ ಎರಡು ಪಾಲು ಹಿಂದೂಗಳು, ಕಾಲು ಭಾಗ ಕ್ರೈಸ್ತರು. ಸರಕಾರಿ ಬಸ್ಸುಗಳ ಮೈಮೇಲೆ ಬರೆದಿರುವ ಹೆಸರಾದರೋ ಕದಂಬರದು.

ಗೋವೆಯವರು ಆರಾಮಪ್ರಿಯರು, ಅಲ್ಲಿ ಯಾರೂ ಮೈಮುರಿದು ದುಡಿಯುವುದಿಲ್ಲವೆಂಬ ನಂಬಿಕೆಯೇ ಎಲ್ಲಕ್ಕಿಂತ ಆಳವಾಗಿ ಬೇರೂರಿದುದು. ನಡುಹಗಲಲ್ಲಿ ಅಂಗಡಿಗಳು ಮುಚ್ಚಿರುವುದನ್ನು ಕಂಡ ಪ್ರವಾಸಿ ಹೀಗೆ ತೀರ್ಮಾನಿಸುವುದು ಸಹಜ. ಆದರೆ ಅವನು ಇನ್ನೂ ಹಾಸಿಗೆಯಲ್ಲಿರುವಾಗಲೇ ರೊಟ್ಟಿ ಸುಡುವ ಪೊದೇರನು ಒಲೆಯ ಕೆಲಸ ಮುಗಿಸಿ, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು, ಹಾರನ್ ಒತ್ತುತ್ತ ಬೀದಿಗೆ ಬಂದಾಗಿರುತ್ತದೆ. ಪ್ರವಾಸೋದ್ಯಮವೊಂದೇ ಆ ರಾಜ್ಯದ ಅನ್ನವೆಂಬುದೂ ಸರಿಯಲ್ಲ. ವೆರ್ಣಾದ ಔಷಧದ ಕಾರ್ಖಾನೆಗಳು, ವಾಸ್ಕೋದ ಹಡಗುಕಟ್ಟೆ, ಮುರಗಾಂವ ಬಂದರು ಇವುಗಳಲ್ಲಿ ಪಾಳಿಯ ಮೇಲೆ ದುಡಿಯುವವರು ಅಸಂಖ್ಯರು. ಕಬ್ಬಿಣದ ಅದಿರಿನ ಗಣಿಗಾರಿಕೆ 2012ರಲ್ಲೊಮ್ಮೆ ನಿಂತು, ಮತ್ತೆ 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು 88 ಗುತ್ತಿಗೆಗಳ ನವೀಕರಣವನ್ನು ರದ್ದುಗೊಳಿಸಿದಾಗ, ಒಳನಾಡಿನ ಊರೂರುಗಳಲ್ಲಿ ಲಾರಿಗಳೂ ನದಿಯ ಬಾರ್ಜುಗಳೂ ಕೆಲಸವಿಲ್ಲದೆ ನಿಂತುವು. ಕಡಲತಡಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವರಿಗೆ ಅದರ ಸುಳಿವೂ ಹತ್ತಲಿಲ್ಲ.

ದುಡಿಮೆಯ ಮಾತು ಬಂದುದರಿಂದ ಖಾಜನ ಭೂಮಿಗಳ ವಿಷಯವನ್ನು ಹೇಳದಿರಲಾಗದು. ನದೀಮುಖಗಳಲ್ಲಿ ಉಪ್ಪುನೀರು ಹತ್ತಿ ಇಳಿಯುವ ತಗ್ಗುಬಯಲಿಗೆ ಕೆಸರಿನ, ಕಲ್ಲಿನ ಏರಿಗಳನ್ನು ಹಾಕಿ, ಅದನ್ನು ಗದ್ದೆಯಾಗಿ ಮಾಡಿಕೊಂಡ ಪದ್ಧತಿ ಅಲ್ಲಿ ಪೋರ್ಚುಗೀಸರ ಆಗಮನಕ್ಕೆ ಎಷ್ಟೋ ಹಿಂದಿನದು. ಏರಿಯ ಬಾಯಿಯಲ್ಲಿ ‘ಮಾನಸ’ವೆಂಬ ತೂಬು, ಅದರ ಮರದ ಕದಗಳನ್ನು ಭರತದ ನೀರು ಹೊರಗಿನಿಂದ ತಳ್ಳಿ ತಾನೇ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರು ತಳ್ಳಿ ತಾನೇ ತೆರೆಯುತ್ತದೆ. ಆ ಹೊತ್ತಿಗೆ ತೂಬಿಗೆ ಬಲೆ ಕಟ್ಟಿದರೆ ಸಿಗಡಿ, ಮೀನು ದಕ್ಕುತ್ತವೆ. ಆ ಹಕ್ಕನ್ನು ಹರಾಜು ಹಾಕುವ ರೂಢಿಯುಂಟು. ಏರಿ ಒಡೆದರೆ ಒಬ್ಬನ ಗದ್ದೆಯಲ್ಲ, ಊರಿನ ಗದ್ದೆಯೇ ಉಪ್ಪಾಗುವುದರಿಂದ, ಅದರ ಜತನ ಗ್ರಾಮದ ಗಾಂವಕಾರರ ಸಂಘಕ್ಕೆ ಸೇರಿತ್ತು. ಕುಮಟೆಯ ಕಡೆ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗದ ಭತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇಂಥ ನೆಲವನ್ನು ಆರಾಮಪ್ರಿಯರು ಶತಮಾನಗಳ ಕಾಲ ಉಳಿಸಿಕೊಂಡರೆಂದು ನಂಬುವುದು ನನ್ನಿಂದಾಗದು.

ಹಾಗಾದರೆ ಸೊಗಸು ಯಾವುದು? ನನ್ನ ಮಟ್ಟಿಗೆ ಅದು ಸಾಮೀಪ್ಯ. ಪಣಜಿಯ ಕಚೇರಿಗೂ ಮಡಗಾಂವದ ಮನೆಗೂ ನಡುವೆ ಸುಮಾರು ಮೂವತ್ತೈದು ಕಿಲೋಮೀಟರು. ಹಳ್ಳಿಯಲ್ಲಿದ್ದು ಪಟ್ಟಣದಲ್ಲಿ ದುಡಿಯುವುದು ಅಲ್ಲಿ ಸಾಧ್ಯ. ಶಾಸಕರ ಸಂಖ್ಯೆ 40 ಆದುದರಿಂದ, ಒಬ್ಬೊಬ್ಬರ ಪಾಲಿಗೆ ನಲವತ್ತು ಸಾವಿರ ಜನರೂ ಬಾರರು. ಅಹವಾಲು ಹೊತ್ತು ರಾಜಧಾನಿಗೆ ಅಲೆಯದೆ, ಮದುವೆಯ ಚಪ್ಪರದಲ್ಲೋ ಚರ್ಚಿನ ಹಬ್ಬದಲ್ಲೋ ಅವರನ್ನು ಹಿಡಿದು ಮಾತನಾಡಬಹುದು. ಇದೇ ಸಾಮೀಪ್ಯ ಕೆಲವೊಮ್ಮೆ ಕಿರಿಕಿರಿಯೂ ಹೌದು, ಯಾರ ಗುಟ್ಟೂ ಗುಟ್ಟಾಗಿ ಉಳಿಯದು. ಮೇಲಾಗಿ ಚಿಕ್ಕ ನಾಡಿನಲ್ಲಿ ಹುದ್ದೆಗಳೂ ಕೆಲವೇ. ಹೊರಗಿನವರು ಬಂದು ನೆಲೆಸಲು ಹಾತೊರೆಯುವ ಈ ನೆಲದ ಮಕ್ಕಳು ಮಾತ್ರ ಬಹುಕಾಲದಿಂದ ಮುಂಬಯಿಗೆ, ಹಡಗುಗಳಿಗೆ, ಕೊಲ್ಲಿಯ ದೇಶಗಳಿಗೆ, ಈಚೆಗೆ ಪೋರ್ಚುಗಲ್ಲಿನ ಪಾಸ್‌ಪೋರ್ಟಿನ ಬಲದಿಂದ ಯುರೋಪಿಗೆ ಹೊರಟುಹೋಗುತ್ತಿದ್ದಾರೆ.

ಆದುದರಿಂದ ಖಾಲಿ ಮನೆಗಳು ಕಾಣುತ್ತವೆ, ಖಾಲಿಯಿದ್ದುದು ಅಗ್ಗಕ್ಕೆ ಸಿಕ್ಕೀತೆಂಬ ಕೊನೆಯ ಭ್ರಮೆಯೂ ಹುಟ್ಟುತ್ತದೆ. 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕುಟುಂಬ ಮತ್ತು ಉತ್ತರಾಧಿಕಾರದ ನಿಯಮಗಳು ಅಲ್ಲಿ ಇಂದಿಗೂ ಆಧಾರವಾಗಿವೆ. ಸಾಮಾನ್ಯವಾಗಿ ಗಂಡಹೆಂಡಿರ ಆಸ್ತಿ ಇಬ್ಬರದೂ ಆಗಿದ್ದು, ಹೆಂಡತಿಯ ಒಪ್ಪಿಗೆಯಿಲ್ಲದೆ ಗಂಡನು ಮನೆಯನ್ನು ಮಾರಲಾರನು. ತಂದೆತಾಯಿಗಳ ಆಸ್ತಿಯ ಅರ್ಧಭಾಗವನ್ನು ಮಕ್ಕಳಿಗೆ ತಪ್ಪಿಸುವಂತಿಲ್ಲ. ಮೂರು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ಮನೆಗೆ ಲಿಸ್ಬನ್ನಿನಲ್ಲೊಬ್ಬ, ಕುವೈತಿನಲ್ಲೊಬ್ಬ, ಮುಂಬಯಿಯಲ್ಲಿಬ್ಬರು ಹಕ್ಕುದಾರರಾಗುತ್ತಾರೆ. ಎಲ್ಲರ ಸಹಿ ಕೂಡುವತನಕ ಹೆಂಚು ಜಾರುತ್ತಿರುತ್ತದೆ. ಭತ್ತದ ಗದ್ದೆಯನ್ನು ಕೊಳ್ಳುವೆನೆಂದರೆ, ಕೃಷಿಕರಲ್ಲದವರಿಗೆ ಅದನ್ನು ಮಾರುವುದನ್ನು 2023ರ ಕಾಯಿದೆ ನಿರ್ಬಂಧಿಸಿದೆ.

ವಿಜಯಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಗೋವೆಗೆ ಹೋಗಿ ಜುವಾರಿನಗರ, ವಾಸ್ಕೋಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇಂಥ ಭ್ರಮೆಗಳು ಯಾವವೂ ಇರಲಿಲ್ಲ. ಅವರು ಹೋದುದು ಗಾರೆಯ ಕೆಲಸಕ್ಕೆ, ಬಂದರಿನ ಹೊರೆಗೆ, ಊರಿಗಿಂತ ಹೆಚ್ಚಾಗಿ ಸಿಗುವ ದಿನಗೂಲಿಗೆ. ಅಲ್ಲಿ ಏನು ಚೆಂದವೆಂದು ಅವರನ್ನು ಕೇಳಿದರೆ ಕಡಲಿನ ಹೆಸರು ಬರುವುದು ಕಡಿಮೆ. ವಾರದ ಬಟವಾಡೆ ತಪ್ಪದೆ ಆಗುತ್ತದೆ, ಹುಡುಗರ ಶಾಲೆ ನಡೆದು ಹೋಗುವಷ್ಟು ಹತ್ತಿರವಿದೆ ಎನ್ನುತ್ತಾರೆ.