ಪುಣೆಯ ಗುಡ್ಡಕ್ಕೆ ಹುಲ್ಲೇ ಯಾಕೆ?

ಪುಣೆಯಿಂದ ಪಶ್ಚಿಮಕ್ಕೆ ಐವತ್ತು-ಅರವತ್ತು ಕಿಲೋಮೀಟರ್ ಹೋದರೆ ತಾಮ್ಹಿಣಿ ಘಾಟ್. ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ. ನೇರಳೆ, ಅಂಜನಿ ಮರಗಳ ದಟ್ಟ ಹಸಿರು ಕಾಡು. ಈಗ ಪೂರ್ವಕ್ಕೆ, ಸುಪೆಯ ಮಯೂರೇಶ್ವರ ಅಭಯಾರಣ್ಯಕ್ಕೆ ಬನ್ನಿ. ಮಳೆ 500ರ ಆಸುಪಾಸು. ಕಾಣೋದು ಹುಲ್ಲು, ಜಾಲಿ, ಅದೃಷ್ಟ ಇದ್ದರೆ ಚಿಂಕಾರ! ಘಟ್ಟ ಮೋಡಗಳನ್ನು ಹಿಂಡಿಕೊಳ್ಳುತ್ತೆ, ಆಚೆಗೆ ಉಳಿಯೋದು ಮಳೆನೆರಳು.

ಸಸ್ಯ ಬದಲಾಗುವ ಕಡೆಯೇ ಹವಾಗುಣದ ಗಡಿ ಎಳೆಯಬೇಕು ಅಂದವರು ವ್ಲಾದಿಮಿರ್ ಕೊಪ್ಪೆನ್. ಸಸ್ಯಶಾಸ್ತ್ರ ಓದಿದ್ದ ಹವಾವಿಜ್ಞಾನಿ. 1900ರಲ್ಲಿ ಅವರು ಕೊಟ್ಟ ವರ್ಗೀಕರಣವನ್ನು ತಿದ್ದಿ ತಿದ್ದಿ ಇಂದಿಗೂ ಬಳಸ್ತೀವಿ.

ಪುಣೆಯ ಲೆಕ್ಕ ಹಾಕೋಣ. ಬೇಸಿಗೆ ಅರ್ಧವರ್ಷದಲ್ಲೇ (ಏಪ್ರಿಲ್‌ನಿಂದ ಸೆಪ್ಟೆಂಬರ್) ಬಹುಪಾಲು ಮಳೆ ಬೀಳುವ ಊರಿಗೆ ಒಣ ಹವಾಗುಣದ ಗೆರೆ ಎಳೆಯುವ ಸೂತ್ರ ಹೀಗೆ: ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ, 280 ಕೂಡಿಸಿ. 25 ಡಿಗ್ರಿ ಹಿಡಿದರೆ ಬರೋದು 780. ಮಳೆ ಇದಕ್ಕಿಂತ ಕಡಿಮೆಯಾದರೆ ಒಣ ಹವಾಗುಣ. ಪುಣೆಯ ಮಳೆ ಸುಮಾರು 750 ಮಿಲಿಮೀಟರ್. ಅಂದರೆ ಅರೆಶುಷ್ಕ, ಅದೂ ಗೆರೆಯ ಅಂಚಿನಲ್ಲೇ! ಮಳೆ ಚೆನ್ನಾಗಿ ಸುರಿದ ವರ್ಷವನ್ನಷ್ಟೇ ಲೆಕ್ಕ ಹಿಡಿದರೆ ಇದೇ ಊರು ಸವಾನಾ ಪಟ್ಟಿಗೆ ಜಿಗಿಯುತ್ತೆ.

ಆದರೆ ಸೂತ್ರಕ್ಕೆ ಮಣ್ಣು ಕಾಣಲ್ಲ. ಘಟ್ಟದ ಭಾರಿ ಮಳೆಯಲ್ಲೂ ಬಂಡೆಯ ಮೇಲೆ ಮಣ್ಣು ತೆಳುವಾದರೆ ಕಾಡು ಬೆಳೆಯಲ್ಲ, ಹೂವಿನ ಸಣ್ಣ ಗಿಡಗಳಷ್ಟೇ. ಬೆಂಕಿ, ಮೇಯಿಸುವಿಕೆಯೂ ಲೆಕ್ಕದ ಹೊರಗೇ ಉಳಿಯುತ್ತವೆ.

ಹುಲ್ಲು ಕಂಡ ಕೂಡಲೇ ಬಂಜರು ಅನ್ನೋದು ನಮ್ಮ ಹಳೇ ಚಾಳಿ. ಪುಣೆಯದೇ ಗುಡ್ಡ ವೇತಾಳ ಟೇಕಡಿಯಲ್ಲಿ ಹೊರದೇಶದ ಗ್ಲಿರಿಸಿಡಿಯಾ ಮರ ನೆಟ್ಟಿದ್ದೂ ಹಸಿರು ಮಾಡುವ ಹುಮ್ಮಸ್ಸಿನಲ್ಲೇ. ಈ ಮಳೆಗಾಲ ಸಸಿ ಹಿಡಿದು ಗುಡ್ಡ ಹತ್ತುವ ಮುಂಚೆ, ಅಲ್ಲಿ ಮೊದಲಿನಿಂದ ಏನು ಬೆಳೀತಿತ್ತು ಅಂತ ಒಮ್ಮೆ ವಿಚಾರಿಸಿ.