ಪ್ಲಗ್ ಹೇಳಿದ ಸಾಕ್ಷಿ

ನಮ್ಮ ಸ್ಕೂಟರಿನ ಮೀಟರಿನಲ್ಲಿ ಐದು ಅಂಕಿಗಳಿಗಷ್ಟೇ ಜಾಗ. 99,999 ಕಿಲೋಮೀಟರ್ ಆದ ಮೇಲೆ ಮತ್ತೆ ಸೊನ್ನೆಯಿಂದ ಶುರು. ಹಾಗೆ ಒಂದು ಸುತ್ತು ಮುಗಿಸಿ ಈಗ 46,000 ತೋರಿಸುತ್ತಿದೆ. ಒಟ್ಟು ಎಷ್ಟಾಯಿತೆಂದು ಮಕ್ಕಳೇ ಕೂಡಿಸಿಕೊಳ್ಳಿ. 1984ರಲ್ಲಿ ಕೊಂಡ ಬಜಾಜ್ ಚೇತಕ್ ಅದು. ಚೇತಕ್ ಎಂದರೆ ರಾಣಾ ಪ್ರತಾಪನ ಕುದುರೆ. ಆ ಕಾಲದಲ್ಲಿ ಮುಂದೆ ಒಂದು ಮಗು ನಿಂತು, ನಡುವೆ ಇನ್ನೊಂದು ಕೂತು, ಹಿಂದೆ ಅಮ್ಮ, ಅಪ್ಪನ ಕಾಲ ಬಳಿ ತರಕಾರಿ ಚೀಲ, ಹೀಗೆ ಇಡೀ ಸಂಸಾರವೇ ಇದರ ಮೇಲೆ ಹೋಗುತ್ತಿತ್ತು. ಈಗ ಹಾಗೆ ಹೋದರೆ ದಂಡ ಬೀಳುತ್ತದೆ, ಬೀಳಲೇಬೇಕು.

ಕಳೆದ ಮಳೆಗಾಲದಲ್ಲಿ ಗಾಡಿ ನಿಂತುಹೋಯಿತು. ಒಂದು ವಾರ ಒದ್ದರೂ ಸ್ಟಾರ್ಟ್ ಆಗಲಿಲ್ಲ. "ಅಪ್ಪ, ಸಾಕು, ಗುಜರಿಗೆ ಕೊಟ್ಟುಬಿಡಿ" ಎಂದ ಮಗ. ಅವನ ಮಾತಿಗೆ ಕಾರಣವಿತ್ತು. ಸ್ವಂತ ಗಾಡಿಯ ನೋಂದಣಿ 15 ವರ್ಷದ್ದು. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓಗೆ ಒಯ್ದು ತೋರಿಸಿ ನವೀಕರಿಸಬೇಕು. ಆ ದಿನ ಹತ್ತಿರ ಬಂದಿತ್ತು. ಓಡದ ಗಾಡಿಯನ್ನು ಯಾರಿಗೆ ತೋರಿಸುವುದು?

ಏಳನೇ ತರಗತಿಯ ಮೊಮ್ಮಗಳು ಸ್ಪ್ಯಾನರ್ ಹಿಡಿದು ಬಂದಳು. "ತಾತ, ಎಲ್ಲಾ ಬಿಚ್ಚೋಣ!" ಬೇಡ ಎಂದೆ. ಬಿಚ್ಚುವುದು ಸುಲಭ, ಜೋಡಿಸಿದ ಮೇಲೆ ಎರಡು ನಟ್ಟು ಮಿಕ್ಕುವುದೇ ಕಷ್ಟ.

ಅವಳಿಗೆ ಬ್ಯಾಂಕಿನ ಮಾತು ಹೇಳಿದೆ. ಕಂಪ್ಯೂಟರ್ ಬರುವ ಮೊದಲು ಸಂಜೆ ಲೆಕ್ಕ ತಾಳೆಯಾಗದೆ ನಾವು ಯಾರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸ ಬಂತೆಂದು ಎಲ್ಲ ಲೆಡ್ಜರುಗಳನ್ನೂ ಹರಡಿಕೊಂಡು ಕೂರುತ್ತಿರಲಿಲ್ಲ. ಮೊದಲು ವ್ಯತ್ಯಾಸದ ಮೊತ್ತವನ್ನೇ ನೋಡುತ್ತಿದ್ದೆವು. ಅದು 9ರಿಂದ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿರುವ ಗುಮಾನಿ. 63ನ್ನು 36 ಎಂದು ಬರೆದರೆ ವ್ಯತ್ಯಾಸ 27. ನೀವೂ ಯಾವುದೇ ಎರಡಂಕಿಯನ್ನು ತಿರುಗಿಸಿ ಕಳೆದು ನೋಡಿ, ಒಂಬತ್ತು ಬಿಡುವುದೇ ಇಲ್ಲ. ಹಾಗೆ ಹುಡುಕುವ ಜಾಗ ಚಿಕ್ಕದಾಗುತ್ತಿತ್ತು. ಗಾಡಿಗೂ ಅದೇ ದಾರಿ ಹಿಡಿದೆವು.

ಪೆಟ್ರೋಲ್ ಎಂಜಿನ್ ಓಡಲು ಪೆಟ್ರೋಲ್, ಗಾಳಿ, ಕಿಡಿ ಮೂರೂ ಬೇಕು. ಮೂರರಲ್ಲಿ ಯಾವುದು ಬರುತ್ತಿಲ್ಲ? ಮೊದಲು ಪೆಟ್ರೋಲ್ ಕಾಕ್ ನೋಡಿದೆವು, ತೆರೆದೇ ಇತ್ತು. ನಗಬೇಡಿ, ಕಾಕ್ ಮುಚ್ಚಿಕೊಂಡೇ ಬೆವರು ಸುರಿಸಿ ಒದ್ದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಏರ್ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದೆವು. ಧೂಳಿತ್ತು, ಕಟ್ಟಿಕೊಂಡಿರಲಿಲ್ಲ.

ಆಮೇಲೆ ಬಲಗಡೆಯ ಕವರ್ ತೆಗೆದು ಪ್ಲಗ್ ಬಿಚ್ಚಿದೆವು. ಎಂಜಿನ್ ತಣ್ಣಗಿರುವಾಗ ಮಾತ್ರ ಈ ಕೆಲಸ. ಪ್ಲಗ್ಗಿನ ತುದಿ ಎಂಜಿನ್ನಿನ ಒಳಗಿನ ಸುದ್ದಿಯನ್ನೆಲ್ಲ ಹೇಳುತ್ತದೆ. ಕಾಫಿಪುಡಿಯ ಬಣ್ಣವಿದ್ದರೆ ಎಲ್ಲ ಕ್ಷೇಮ. ಸುಣ್ಣದಂತೆ ಬೆಳ್ಳಗಿದ್ದರೆ ಎಂಜಿನ್ ವಿಪರೀತ ಕಾಯುತ್ತಿದೆ. ಕಪ್ಪಗೆ ಮಸಿ ಹಿಡಿದು ಜಿಡ್ಡಾಗಿದ್ದರೆ ಪೆಟ್ರೋಲೋ ಆಯಿಲ್ಲೋ ಜಾಸ್ತಿಯಾಗಿದೆ, ಇಲ್ಲವೇ ಕಿಡಿ ಸಾಲದು. ಈ ಗಾಡಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು, ಲೀಟರಿಗೆ 20 ಮಿಲಿಲೀಟರ್. ಧಾರಾಳವಾಗಿ ಸುರಿದರೆ ಹೊಗೆ, ಕಡಿಮೆ ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ನಮ್ಮ ಪ್ಲಗ್ ಕಪ್ಪಗಿತ್ತು, ಒದ್ದೆಯೂ ಆಗಿತ್ತು. "ಹಾಗಾದ್ರೆ ಕಾರ್ಬ್ಯುರೇಟರ್ ಬಿಚ್ಚೋಣ್ವಾ?" ಎಂದಳು. ಪ್ಲಗ್ ಒದ್ದೆಯಾಗಿದೆ ಎಂದರೆ ಏನರ್ಥ, ನೀನೇ ಹೇಳು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಪೆಟ್ರೋಲ್ ಅಲ್ಲೀತನಕ ಬಂದಿದೆ" ಎಂದಳು. ಅಷ್ಟೇ! ಕಾರ್ಬ್ಯುರೇಟರ್ ಬಿಚ್ಚುವ ಅರ್ಧ ದಿನದ ಕೆಲಸ ಅಲ್ಲಿಗೆ ತಪ್ಪಿತು. ಉಳಿದದ್ದು ಕಿಡಿಯೊಂದೇ.

ಪ್ಲಗ್ಗನ್ನು ತಂತಿ ಬ್ರಷ್‌ನಿಂದ ಉಜ್ಜಿ, ಕಾಕ್ ಮುಚ್ಚಿ, ಸುತ್ತ ಚೆಲ್ಲಿದ್ದ ಪೆಟ್ರೋಲ್ ಒರೆಸಿ ಆರಲು ಬಿಟ್ಟೆವು. ಇನ್ನು ಮುಂದಿನದು ದೊಡ್ಡವರ ಕೆಲಸ, ಮಕ್ಕಳು ದೂರ ನಿಂತು ನೋಡಬೇಕು. ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ತೂತಿನಿಂದ ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು, ಕೈಯಲ್ಲಿ ಮುಟ್ಟದೆ ಕಿಕ್ ಹೊಡೆದೆ. ನೀಲಿ ಕಿಡಿ ಚಟ್ ಎನ್ನಬೇಕಿತ್ತು. ಏನೂ ಇಲ್ಲ. ಹೊಸ ಪ್ಲಗ್ ಹಾಕಿದರೂ ಅಷ್ಟೇ. ಎಂದರೆ ಪ್ಲಗ್ ಕೂಡ ನಿರಪರಾಧಿ.

ಪ್ಲಗ್ಗಿನ ಹಿಂದೆ ಕ್ಯಾಪ್, ಕ್ಯಾಪಿನ ಹಿಂದೆ ದಪ್ಪ ವೈರು. ಕ್ಯಾಪನ್ನು ತಿರುಗಿಸಿ ಬಿಚ್ಚಿದರೆ ಒಳಗಿನ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಪೂಜೆಯ ಪಂಚಪಾತ್ರೆ ಉಜ್ಜದಿದ್ದರೆ ಬರುತ್ತದಲ್ಲ, ಅದೇ. ಮಳೆಯ ತೇವ ಒಳಗಿಳಿದಿತ್ತು. ಬ್ಲೇಡಿನಿಂದ ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿದೆ. ಹೊಳೆಯುವ ತಾಮ್ರ ಕಂಡಿತು. ಕ್ಯಾಪ್ ಬಿಗಿಯಾಗಿ ತಿರುಗಿಸಿ ಮತ್ತೆ ಕಿಕ್ ಹೊಡೆದಾಗ ನೀಲಿ ಕಿಡಿ ಬಂತು. ಮೊಮ್ಮಗಳು ಕೂಗಿದ ಕೂಗಿಗೆ ಒಳಗಿನಿಂದ ನಮ್ಮಾಕೆ, "ಏನ್ರೀ ಆಯ್ತು, ಶಾಕ್ ಹೊಡೀತಾ?" ಎಂದು ಓಡಿಬಂದಳು. ಪ್ಲಗ್ ಹಾಕಿ, ಕಾಕ್ ತೆರೆದು ಒದ್ದರೆ ಮೂರನೇ ಕಿಕ್ಕಿಗೆ ಅದೇ ಹಳೆಯ ಸದ್ದು, ಬೀದಿ ತುಂಬ ಹೊಗೆ. ಖರ್ಚಾದದ್ದು ಒಂದು ಬ್ಲೇಡು. ಹೊಸ ಪ್ಲಗ್ ಪೆಟ್ಟಿಗೆಗೆ ವಾಪಸು ಹೋಯಿತು.

ಇಷ್ಟಾಯಿತೆಂದು ಎಲ್ಲವನ್ನೂ ಮನೆಯಲ್ಲೇ ಮಾಡಬೇಕೆಂಬ ಹಟ ನನಗಿಲ್ಲ. ಗಾಡಿ ಸ್ಟಾರ್ಟ್ ಆಗದಿದ್ದರೆ ನಡೆದುಕೊಂಡು ಹೋಗಬಹುದು, ನಿಲ್ಲದಿದ್ದರೆ ಏನು ಮಾಡುತ್ತೀರಿ? ಬ್ರೇಕ್ ಲೈನರ್ ಮತ್ತು ಕೇಬಲ್‌ಗಳನ್ನು ಮೆಕ್ಯಾನಿಕ್ಕಿನ ಹತ್ತಿರವೇ ಹಾಕಿಸಿದೆ. ಹಾರ್ನು, ದೀಪ, ಟೈರು ಸರಿಮಾಡಿಸಿ ಆರ್‌ಟಿಓಗೆ ಒಯ್ದೆ. ಚಾಸಿಸ್ ನಂಬರ್ ನೋಡಿದರು, ಬ್ರೇಕ್ ಒತ್ತಿಸಿದರು, ಇನ್ನೈದು ವರ್ಷಕ್ಕೆ ನವೀಕರಿಸಿಕೊಟ್ಟರು.

ಮೊಮ್ಮಗಳಿಗೆ ಈಗ ಹದಿಮೂರು. ಗೇರ್ ಗಾಡಿಯ ಲೈಸೆನ್ಸಿಗೆ ಹದಿನೆಂಟು ತುಂಬಬೇಕು. ಈ ಲೆಕ್ಕವನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವಳೇ ಮಾಡಿಕೊಂಡಿದ್ದಾಳೆ.