ಮೈ ನೆರೆದ ಮಗಳು, ಮಾಗದ ಮಿದುಳು

"ನಿನ್ನೀತನಕಾ ಸೆರಗ ಹಿಡಕೊಂಡು ತಿರಗತಿದ್ದಾಕಿ, ಈಗ ಮಾತಾಡಿಸಿದ್ರ ಬಾಗಲಾ ಹಾಕ್ಕೋತಾಳ್ರೀ!" ಕಾಗವಾಡ ತಾಲೂಕಿನ ಜುಗೂಳದಂಥ ಹೊಳೆದಂಡೆಯ ಊರುಗಳಲ್ಲಿ ನಾಲ್ಕು ಜನ ತಾಯಂದಿರು ಕಟ್ಟೆಯ ಮೇಲೆ ಕೂತರೆ ಇಂಥ ಮಾತು ಬಾರದೆ ಇರದು. ಮನೆಯಲ್ಲಿ ಹನ್ನೆರಡರ ಮಗಳಿದ್ದರೆ ನೀವೂ ತಲೆಯಾಡಿಸುವಿರಿ, ಅಲ್ಲವೆ?

ಮಗಳು ಮೈನೆರೆದಳೆಂದರೆ ನಮ್ಮಲ್ಲಿ ಆರತಿಯ ಸಡಗರ. ಅದು ಮುಗಿದ ಮರುದಿನದಿಂದಲೇ, "ದೊಡ್ಡಾಕಿ ಆಗೀ, ಇನ್ನೂ ಹುಡುಗಾಟ?" ಎಂಬ ಗದರಿಕೆ. ನಾವು ತಪ್ಪುವುದು ಇಲ್ಲಿಯೇ. ದೊಡ್ಡದಾದದ್ದು ಮೈ, ಮಿದುಳಿಗೆ ಇನ್ನೂ ಹತ್ತು-ಹನ್ನೆರಡು ವರ್ಷಗಳ ಕೆಲಸ ಬಾಕಿ ಇದೆ.

ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಅದು ಅಂಡಾಶಯವನ್ನು. ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಈ ಬದಲಾವಣೆ ಶುರು. ಆಗ ಹುಟ್ಟಿದ ಹಾರ್ಮೋನುಗಳು ತಿರುಗಿ ಮಿದುಳನ್ನೂ ಮುಟ್ಟುತ್ತವೆ. ಸಿಟ್ಟು, ಹೆದರಿಕೆ, ಹುರುಪನ್ನು ಎಬ್ಬಿಸುವ ಭಾಗಗಳು ಬೇಗ ಚುರುಕಾಗುತ್ತವೆ. "ತಾಳು, ವಿಚಾರ ಮಾಡು" ಎಂದು ತಡೆಯುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. 2019ರ ಆಗಸ್ಟಿನ ಕೃಷ್ಣೆಯ ಮಹಾಪೂರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಡ್ಡು ಮುಗಿಯುವ ಮೊದಲೇ ಹೊಳೆಗೆ ನೀರು ಬಂದ ಹಾಗೆ!

ಹೊತ್ತೇರಿದರೂ ಏಳುವುದಿಲ್ಲವೆಂಬ ದೂರೂ ಉಂಟು. ಈ ವಯಸ್ಸಿನಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಬೇಕಾದ ನಿದ್ದೆಯೋ 8ರಿಂದ 10 ತಾಸು. ಎಲ್ಲವೂ ಸೋಮಾರಿತನವಲ್ಲ, ಆದರೆ ಹಾಸಿಗೆಗೆ ಮೊಬೈಲು ಮಾತ್ರ ಬೇಡ.

ಓರಗೆಯವರಿಗಿಂತ ಬೇಗ ಮೈನೆರೆದ ಹುಡುಗಿಯರಲ್ಲಿ ಖಿನ್ನತೆ, ಆತಂಕ ಹೆಚ್ಚು ಎಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ನೋಡುವವರ ಕಣ್ಣಿಗೆ ಹದಿನಾರು, ಒಳಗೆ ಹನ್ನೊಂದು. ಪಾಪ, ಏನು ಮಾಡೀತು ಆ ಕೂಸು? ಶಾಲೆ ಬಿಡಿಸುವ, ವರ ನೋಡುವ ಮಾತು ಅದರ ಕಿವಿಗೆ ಬೀಳದಿರಲಿ. 18ರ ಮೊದಲು ಮದುವೆ ಕಾನೂನಿಗೂ ವಿರುದ್ಧ.

ಸಿಟ್ಟೇರಿದ ಗಳಿಗೆಯಲ್ಲಿ ವಾದಕ್ಕಿಳಿಯಬೇಡಿ. ಸಂಜೆ ರೊಟ್ಟಿ ಬಡಿಯುವಾಗ ಹತ್ತಿರ ಕೂಡಿಸಿಕೊಳ್ಳಿ. ಎದುರು ಕೂತು ಬಾಯಿ ಬಿಡದವಳು ಪಕ್ಕದಲ್ಲಿ ಕೂತು ಹೇಳಿಯಾಳು. ಮಗನನ್ನೂ ಮರೆಯಬೇಡಿ, "ಗಂಡಸಾಗಿ ಅಳತಿಯೇನ?" ಎಂದರೆ ಅವನ ಬಾಯಿಯೂ ಕಟ್ಟಿತು.

ಆದರೆ ಎಲ್ಲವನ್ನೂ "ವಯಸ್ಸು" ಎಂದು ತಳ್ಳಿಹಾಕಬೇಡಿ. ನಿಮ್ಹಾನ್ಸ್ 2015-16ರಲ್ಲಿ ಕೆಲವು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ ಏಳು ಮಂದಿಗೆ ಮಾನಸಿಕ ತೊಂದರೆ ಕಂಡುಬಂದಿತ್ತು. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಊಟ, ಗೆಳತಿಯರು, ಓದು ಯಾವುದೂ ಬೇಡವಾದರೆ, ಸಾಯುವ ಮಾತು ಬಂದರೆ ತಡಮಾಡಬೇಡಿ. "ಜೀವಾ ಕಳಕೊಳ್ಳೂ ವಿಚಾರ ಬರತೈತೇನವಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ವಿಚಾರ ಹುಟ್ಟುವುದಿಲ್ಲ, ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ. ಟೆಲಿ ಮಾನಸ್, 14416: ಹಗಲು ರಾತ್ರಿ ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದು. ಈ ಸಂಖ್ಯೆಯನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಮಗಳ ಕಣ್ಣಿಗೂ ಬೀಳುವಂತಿರಲಿ.